ಹೆಬ್ಬೆರಳು ಹೊರಗೆ

ವರ್ಕ್‌ಶಾಪಿನ ಹಿಂದಿನ ಕೋಣೆ,
ಹದಿನೇಳನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಕೈ ಹೇಗಿದೆ? ಊತ ಪೂರ್ತಿ ಇಳಿಯಿತೋ, ಇಲ್ಲ ಸಂಜೆಯಾಗುತ್ತಲೇ ಮತ್ತೆ ಬರುತ್ತದೋ? ವ್ಯಾಯಾಮ ಮಾಡಿಸುವಾಕೆ ಕೊಟ್ಟ ರಬ್ಬರ್ ಚೆಂಡನ್ನು ದಿನಕ್ಕೆ ನೂರು ಸಲ ಹಿಸುಕಬೇಕಂತೆ. ನೀನು ಇಪ್ಪತ್ತಕ್ಕೇ ಮುಗಿಸಿ ಅದನ್ನು ಪಕ್ಕದ ಮನೆಯ ನಾಯಿಗೆ ಎಸೆದು ಆಟವಾಡುತ್ತೀಯಂತೆ. ಅತ್ತಿಗೆ ಎಲ್ಲ ಹೇಳಿದ್ದಾರೆ. ನಾಯಿಯ ದವಡೆ ಗಟ್ಟಿಯಾದರೆ ನಮಗೇನು ಬಂತು? ನಾಳೆಯಿಂದ ನೂರು ಅಂದರೆ ನೂರು. ಅತ್ತಿಗೆಯ ಮಂಡಿನೋವು ಕಡಿಮೆಯಾಯಿತೇ? ನೀವು ಉಳಿದುಕೊಂಡಿರುವ ಅವರ ಅಕ್ಕನ ಮನೆಯಲ್ಲಿ ಮೆಟ್ಟಿಲು ಜಾಸ್ತಿ ಅಂತ ಕೇಳಿದೆ. ಹತ್ತಿ ಇಳಿಯುವ ಕೆಲಸವೆಲ್ಲ ನೀನೇ ಮಾಡು. ಮುರಿದಿರುವುದು ನಿನ್ನ ಕೈ, ಕಾಲಲ್ಲ. ಇಲ್ಲಿ ನಾವಿಬ್ಬರೂ, ಅಂದರೆ ನಾನೂ ನಿನ್ನ ಮಗಳೂ, ಚೆನ್ನಾಗಿದ್ದೇವೆ. ಅಡುಗೆಮನೆಯ ನಲ್ಲಿ ಸೋರುವುದು ನಿಂತಿದೆ, ನಿನ್ನ ಮಂಚದ ಮೇಲೆ ಸದ್ಯಕ್ಕೆ ಎರಡು ಗೇರ್ ಬಾಕ್ಸು ಮಲಗಿವೆ. ನೀನು ಬರುವಷ್ಟರಲ್ಲಿ ಅವನ್ನು ಎಬ್ಬಿಸುತ್ತೇವೆ.

ಫೋನಿನಲ್ಲಿ ಹೇಳದೆ ಕಾಗದ ಬರೆಯುವುದಕ್ಕೆ ಕಾರಣವಿದೆ. ಫೋನಿನಲ್ಲಾದರೆ ಎರಡನೇ ಮಾತಿಗೇ ನೀನು ಬಾಯಿ ಹಾಕುತ್ತೀಯ, ನನಗೆ ಸಿಟ್ಟು ನೆತ್ತಿಗೇರುತ್ತದೆ, ವಿಷಯ ಅಲ್ಲೇ ಉಳಿಯುತ್ತದೆ. ಕಾಗದದ ಬಾಯಿಗೆ ಕೈ ಅಡ್ಡ ಇಡಲು ನಿನ್ನಿಂದಲೂ ಆಗುವುದಿಲ್ಲ. ನೀನಂತೂ ಯಾವತ್ತೂ ಕಾಗದವನ್ನು ನೀನೇ ಓದಿಕೊಂಡವನಲ್ಲ, ಅತ್ತಿಗೆಯೇ ಓದಿ ಹೇಳುತ್ತಾರೆ. ಅದಕ್ಕೇ ಅವರಿಗೂ ಅರ್ಥವಾಗಲೆಂದು ನಮ್ಮ ವರ್ಕ್‌ಶಾಪಿನ ಮಾತನ್ನೆಲ್ಲ ಬಿಡಿಸಿ ಬಿಡಿಸಿ ಬರೆಯುತ್ತಿದ್ದೇನೆ. ನಡುವೆ "ಇದೆಲ್ಲ ನಂಗೊತ್ತು, ಮುಂದೆ ಓದು" ಅಂತ ಅವಸರ ಮಾಡಬೇಡ. ಇನ್ನು, ಅಕ್ಷರ ಇವತ್ತು ಕಾಗೆ ಕಾಲು ಗುಬ್ಬಿ ಕಾಲು ಆಗಿದೆ. ಅದಕ್ಕೂ ಕಾರಣವಿದೆ, ಆಮೇಲೆ ಹೇಳುತ್ತೇನೆ.

ಮೊದಲು ಜೀಪಿನ ವಿಷಯ. ಆಸ್ಪತ್ರೆಗೆ ಹೊರಡುವ ದಿನ ಬಾಗಿಲಲ್ಲಿ ನಿಂತು ನೀನು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಹಾಗೇ ಇದೆ. "ಹಿಡಿತ ತಪ್ಪಿದ್ದು ನನ್ನಿಂದ್ಲೇ. ಹೆಬ್ಬೆರಳು ಒಳಗಿತ್ತು. ನಂಗೆ ವಯಸ್ಸಾಯ್ತು ಕಣೇ, ಗಾಡಿ ಕ್ವಾರಿಯವರಿಗೆ ಕೊಟ್ಬಿಡು." ಅಷ್ಟು ಹೇಳಿ ನೀನು ಜೀಪಿನ ಕಡೆ ತಿರುಗಿಯೂ ನೋಡದೆ ಹೋದೆ. ಅತ್ತಿಗೆ, ನಿಮಗೆ ಈ ಹೆಬ್ಬೆರಳಿನ ಕಥೆ ಗೊತ್ತಿದೆ, ಆದರೂ ಹೇಳುತ್ತೇನೆ. ಕಲ್ಲುದಾರಿಯಲ್ಲಿ ಓಡಿಸುವಾಗ ಸ್ಟೀರಿಂಗನ್ನು ನಾಲ್ಕು ಬೆರಳಿನಲ್ಲಿ ಹಿಡಿಯಬೇಕು, ಹೆಬ್ಬೆರಳನ್ನು ಒಳಗೆ ಸುತ್ತಬಾರದು. ಮುಂದಿನ ಚಕ್ರ ಬಂಡೆಗೆ ಬಡಿದರೆ ಸ್ಟೀರಿಂಗ್ ಸರಕ್ಕನೆ ತಿರುಗುತ್ತದೆ, ಒಳಗಿದ್ದ ಹೆಬ್ಬೆರಳು ಅದರ ಕಡ್ಡಿಗೆ ಸಿಕ್ಕಿ ಹೋಗುತ್ತದೆ. ಮೂವತ್ತೈದು ವರ್ಷ ಅಣ್ಣ ಈ ಪಾಠ ಹೇಳದ ಡ್ರೈವರಿಲ್ಲ. ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ತಾನೇ ಬಿಳಿ ಬಣ್ಣದಲ್ಲಿ "ಹೆಬ್ಬೆರಳು ಹೊರಗೆ" ಅಂತ ಬರೆದಿಟ್ಟವನು. ಅಂಥವನದೇ ಹೆಬ್ಬೆರಳು ಒಳಗಿದ್ದು ಮುರಿಯಿತು, ಮಣಿಕಟ್ಟೂ ಹೋಯಿತು. ನಿನಗೆ ನೋವಿಗಿಂತ ನಾಚಿಕೆಯೇ ಜಾಸ್ತಿ ಆಗಿತ್ತು ಅಂತ ನನಗೆ ಗೊತ್ತು ಅಣ್ಣ. ಒಡಹುಟ್ಟಿದವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ಸರಿ, ಕೊಡು ಅಂದೆ, ಕೊಡೋಣ ಅಂತಲೇ ನಾವೂ ಹೊರಟೆವು. ಬಂಡೆಗೆ ಬಡಿದ ಏಟಿಗೆ ಮುಂದಿನ ರಾಡು ಬಾಗಿತ್ತಲ್ಲ, ಅದನ್ನು ಸರಿ ಮಾಡದೆ ಗಾಡಿ ಯಾರಿಗೂ ಕೊಡುವ ಹಾಗಿರಲಿಲ್ಲ. ಆದರೆ ನಮ್ಮಲ್ಲಿ ಸ್ಟೀರಿಂಗಿಗೆ ಯಾವತ್ತೂ ನಿನ್ನ ಕೈ ಒಂದೇ. ಎಂಜಿನ್ನು, ಬ್ರೇಕು, ಕ್ಲಚ್ಚು ಎಲ್ಲವನ್ನೂ ಮಗಳಿಗೆ ಬಿಟ್ಟುಕೊಟ್ಟೆ. ಸ್ಟೀರಿಂಗಿನ ಹತ್ತಿರ ಮಾತ್ರ ಅವಳನ್ನು ಬಿಟ್ಟುಕೊಳ್ಳಲಿಲ್ಲ. "ಎಂಜಿನ್ ಕೆಟ್ರೆ ಗಾಡಿ ನಿಲ್ಲುತ್ತೆ, ಸ್ಟೀರಿಂಗ್ ಕೆಟ್ರೆ ಗಾಡಿ ನಿಲ್ಲಲ್ಲ" ಅನ್ನುತ್ತಿದ್ದೆ. ಅದಕ್ಕೇ ವಾಷರ್ ಮೊದಲ ದಿನ ಜೀಪಿನ ಮುಂದೆ ಕೈಕಟ್ಟಿಕೊಂಡು ಸುಮ್ಮನೆ ಕೂತಿದ್ದಳು. ಇಪ್ಪತ್ನಾಲ್ಕು ವರ್ಷದ ಹುಡುಗಿಯನ್ನು ಇನ್ನೂ ವಾಷರ್ ಅಂತ ಕರೆಯಬೇಡ ಅಂತ ಅತ್ತಿಗೆ ಬೈಯುತ್ತಾರೆ, ಆದರೆ ಒಂದೂವರೆ ವರ್ಷದ ಮಗುವಾಗಿದ್ದಾಗ ನಿನ್ನ ಡಬ್ಬಿಯಿಂದ ತಾಮ್ರದ ವಾಷರ್ ನುಂಗಿ ಮನೆಯವರನ್ನೆಲ್ಲ ಎರಡು ದಿನ ಕಾಯಿಸಿದವಳಿಗೆ ಬೇರೆ ಹೆಸರು ಹೇಗೆ ಅಂಟೀತು? ಅರ್ಧ ದಿನ ಕೂತು ಆಮೇಲೆ ಎದ್ದಳು. ರಾಡಿನ ಹತ್ತಿರ ಹೋಗಲಿಲ್ಲ, ನಿನ್ನ ಸೀಟಿಗೆ ಹೋಗಿ ಕೂತಳು. ಸ್ಟೀರಿಂಗಿನ ಒಳಮೈಯನ್ನು ಬೆರಳಿನಿಂದ ಸವರುತ್ತಾ ನನ್ನನ್ನು ಕರೆದಳು. "ಅತ್ತೆ, ಇಲ್ಲಿ ಮುಟ್ಟಿ ನೋಡಿ."

ಮುಟ್ಟಿದೆ. ಬಲಗೈ ಹಿಡಿಯುವ ಜಾಗದ ಒಳಮೈಯಲ್ಲಿ ಕಪ್ಪು ರಬ್ಬರು ಸವೆದು, ಹೆಬ್ಬೆರಳಿನ ಅಳತೆಯ ಒಂದು ಗುಳಿ ಬಿದ್ದು, ಹೊಳೆಯುತ್ತಿತ್ತು. ಅಣ್ಣಾ, ಅದು ಒಂದು ದಿನದ ಸವೆತವಲ್ಲ. ನೀನು ಆವತ್ತೊಂದು ದಿನ ಮರೆತು ಹೆಬ್ಬೆರಳು ಒಳಗಿಟ್ಟವನಲ್ಲ. ತಿಂಗಳುಗಟ್ಟಲೆ, ಗೊತ್ತಿಲ್ಲದೆಯೇ, ಬಿಗಿಹಿಡಿದು ಓಡಿಸುತ್ತಿದ್ದೆ. ಬೇರೆ ಜಾಗವೆಲ್ಲ ಹೊಸದರ ಹಾಗೆ ಒರಟಾಗಿದೆ. ನೀನು ಆ ಸ್ಟೀರಿಂಗ್ ಬದಲಿಸಿ ಮೂರು ವರ್ಷವೂ ಆಗಿಲ್ಲ. ಹಾಗಾದರೆ ಈಚೆಗೆ ಏನೋ ಆಗಿದೆ, ಅಪ್ಪನ ಕೈಯನ್ನು ಏನೋ ಎಳೆಯುತ್ತಿತ್ತು, ಅದಕ್ಕೇ ಅಪ್ಪ ಬಿಗಿ ಮಾಡಿದ್ದು, ಇದು ಅವಳ ಲೆಕ್ಕ. ಮಾರನೆಯ ದಿನ ಅವಳು ಮಾಡಿದ್ದನ್ನು ನೀನು ಕಣ್ಣಾರೆ ನೋಡಬೇಕಿತ್ತು. ಸ್ಟೀರಿಂಗಿನ ನೆತ್ತಿಗೆ ಒಂದು ಕೆಂಪು ದಾರ ಕಟ್ಟಿದಳು. ಗಾಡಿಯೊಳಗೆ ಯಾರೂ ಇಲ್ಲ. ಚಾಸಿಯ, ಅಂದರೆ ಗಾಡಿಯ ಅಡಿ ಚೌಕಟ್ಟಿನ, ಮುಂಭಾಗದ ಕೆಳಗೆ ಜಾಕ್ ಇಟ್ಟು, ಚಕ್ರಗಳು ನೆಲದಲ್ಲೇ ಇರುವ ಹಾಗೆ, ಗಾಡಿಯ ಮೈಯನ್ನು ಮಾತ್ರ ಮೆಲ್ಲಗೆ ಎತ್ತಿದಳು. ಯಾರೂ ಮುಟ್ಟದೆ ಸ್ಟೀರಿಂಗ್ ತಾನಾಗಿ ತಿರುಗಿತು. ದಾರ ನಾಲ್ಕು ಬೆರಳು ಪಕ್ಕಕ್ಕೆ ಹೋಯಿತು. ಇಳಿಸಿದರೆ ಮತ್ತೆ ವಾಪಸು. ಎತ್ತಿದಳು, ಇಳಿಸಿದಳು, ಹತ್ತು ಸಲ. ದೆವ್ವ ಕೂತು ಓಡಿಸುತ್ತಿರುವ ಹಾಗಿತ್ತು.

ಅತ್ತಿಗೆ, ಇದು ಹೀಗೆ. ಸ್ಟೀರಿಂಗಿನ ಕೆಳಗೆ ಒಂದು ಬಾಕ್ಸಿದೆ, ಅದರಿಂದ ಒಂದು ಉದ್ದ ರಾಡು ಮುಂದಿನ ಚಕ್ರಕ್ಕೆ ಹೋಗುತ್ತದೆ. ಆ ರಾಡು ಹೆಚ್ಚುಕಮ್ಮಿ ಮಟ್ಟಸವಾಗಿ ಮಲಗಿರಬೇಕು. ನಮ್ಮದು ಗೋಡೆಗೆ ಒರಗಿಸಿದ ಏಣಿಯ ಹಾಗೆ ಓರೆಯಾಗಿತ್ತು. ಹಾಗಿದ್ದರೆ ಗಾಡಿ ಕಲ್ಲಿನ ಮೇಲೆ ಏರಿ ಇಳಿದಾಗಲೆಲ್ಲ ರಾಡು ತಾನಾಗಿ ಎಳೆಯುತ್ತದೆ, ತಾನಾಗಿ ತಳ್ಳುತ್ತದೆ. ಗುಡ್ಡದ ದಾರಿಯಲ್ಲಿ ಒಂದು ಗಂಟೆಗೆ ಸಾವಿರ ಸಲ. ಮೊದಲು ಹಾಗಿರಲಿಲ್ಲ. ಓರೆಯಾದದ್ದು ಎರಡು ವರ್ಷದ ಹಿಂದೆ, ಗಾಡಿಯ ಹೊಟ್ಟೆ ಕಲ್ಲಿಗೆ ತಗಲುತ್ತದೆ ಅಂತ ನಾವು ಸ್ಪ್ರಿಂಗನ್ನು ಆಕ್ಸಲಿನ, ಅಂದರೆ ಚಕ್ರದ ಅಚ್ಚಿನ, ಕೆಳಗಿನಿಂದ ಮೇಲಕ್ಕೆ ತಂದು ಗಾಡಿಯನ್ನು ಒಂದು ಗೇಣಿನ ಹತ್ತಿರ ಎತ್ತರಿಸಿದೆವಲ್ಲ, ಆವಾಗ. ಗಾಡಿಯ ಮೈ ಮೇಲೆ ಹೋಯಿತು, ಬಾಕ್ಸೂ ಅದರ ಜೊತೆ ಮೇಲೆ ಹೋಯಿತು, ಚಕ್ರ ನೆಲದಲ್ಲೇ ಉಳಿಯಿತು. ನಡುವಿನ ರಾಡಿನ ಯೋಚನೆ ಯಾರಿಗೂ ಬರಲಿಲ್ಲ. ಬೇರೆ ಯಾರಾದರೂ ಓಡಿಸಿದ್ದರೆ ಒಂದೇ ವಾರದಲ್ಲಿ "ಇದೇನು ಕೈ ಕೀಳುತ್ತಲ್ಲ" ಅಂತ ಕೂಗಿರುತ್ತಿದ್ದರು. ನಿನ್ನ ತೋಳು ಎತ್ತಿನ ತೋಳು. ಗಾಡಿಯ ರೋಗವನ್ನು ಎರಡು ವರ್ಷ ನಿನ್ನ ತೋಳೇ ಮುಚ್ಚಿಟ್ಟಿತ್ತು.

ಆ ಸ್ಪ್ರಿಂಗ್ ಕೂರುವ ಗದ್ದುಗೆಗಳನ್ನು ಆಕ್ಸಲಿಗೆ ಬೆಸೆದವಳು ಯಾರು? ನಾನು. ನೋಡು ಎಂಥಾ ವೆಲ್ಡಿಂಗು ಅಂತ ಇಡೀ ಬೀದಿಗೆ ಕರೆದು ತೋರಿಸಿದವಳೂ ನಾನೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೇ ಹೋಗಿ ಆ ಗದ್ದುಗೆಗಳನ್ನು ಮುಟ್ಟಿ ನೋಡಿದೆ. ಬೆಸುಗೆ ಇನ್ನೂ ಅಷ್ಟೇ ಚೆನ್ನಾಗಿದೆ. ಅದು ಚೆನ್ನಾಗಿ ನಿಂತದ್ದಕ್ಕೇ ಗಾಡಿ ಎತ್ತರದಲ್ಲೇ ಉಳಿಯಿತು, ನಿನ್ನ ಕೈ ಮುರಿಯಿತು. ತಪ್ಪಾಯಿತು ಅಣ್ಣ. ಐವತ್ತು ವರ್ಷದಲ್ಲಿ ನಾನು ನಿನಗೆ ಈ ಮಾತು ಹೇಳುತ್ತಿರುವುದು ಇದೇ ಮೊದಲು, ಅದಕ್ಕೆ ಇದನ್ನು ಎರಡು ಸಲ ಓದಿಸಿಕೊಳ್ಳಬೇಡ.

ರೋಗ ಗೊತ್ತಾದ ಮೇಲೆ ಔಷಧಿಯ ಮಾತು. ಬಿಡಿಭಾಗದ ಅಂಗಡಿಯ ಗ್ಯಾರಂಟಿ ನಿನಗೆ ಗೊತ್ತಲ್ಲ, ಸ್ಕ್ರೂ ಮಾರಿದರೂ "ಗ್ಯಾರಂಟಿ ಅಕ್ಕಾ" ಅನ್ನದೆ ಮಾರುವವನಲ್ಲ. ಅವನು ಒಂದು ದಪ್ಪ ಕ್ಯಾಟಲಾಗು ಹಿಡಿದುಕೊಂಡು ಬಂದ. ಪೂರಾ ಹೈಡ್ರಾಲಿಕ್ ಹಾಕಿಸಿ ಅಂದ. ಅದರಲ್ಲಿ ಸ್ಟೀರಿಂಗಿಗೂ ಚಕ್ರಕ್ಕೂ ನಡುವೆ ರಾಡೇ ಇಲ್ಲ, ಬರೀ ಎಣ್ಣೆಯ ಪೈಪುಗಳು. ಮುಂದೆ ಒಂದು ದಪ್ಪ ಸಿಲಿಂಡರು ಕೂತು ಚಕ್ರ ತಿರುಗಿಸುತ್ತದೆ. ಬಂಡೆ ಹತ್ತುವ ಸ್ಪರ್ಧೆಯವರೆಲ್ಲ ಅದನ್ನೇ ಹಾಕುತ್ತಾರಂತೆ, ಕಿರುಬೆರಳಿನಲ್ಲಿ ತಿರುಗುತ್ತದಂತೆ. ನನಗೆ ಚಿತ್ರ ನೋಡಿಯೇ ಇಷ್ಟವಾಗಲಿಲ್ಲ, ಮೂಗಿಗಿಂತ ಮೂಗುತಿ ಭಾರ. ನನ್ನ ಯೋಚನೆಯೇ ಬೇರೆ ಇತ್ತು. ಹಳೇ ಬಾಕ್ಸೇ ಇರಲಿ, ಬಾಗಿದ ರಾಡಿನ ಬದಲು ದಪ್ಪನೆಯದೊಂದು ಹಾಕೋಣ, ಚಕ್ರದ ಹತ್ತಿರ ರಾಡು ಸೇರುವ ತೋಳನ್ನು ಕತ್ತರಿಸಿ ಎತ್ತರ ಮಾಡಿ ನಾನೇ ಬೆಸೆದು ಕೊಡುತ್ತೇನೆ, ಏಟು ತಡೆಯಲು ಮುಂದೆ ಒಂದು ಡ್ಯಾಂಪರ್ ಹಾಕಿದರೆ ಮುಗಿಯಿತು ಅಂದೆ. ಮೂರನೆಯದು ವಾಷರಿನದು. ಅವಳು ಹೌದು ಅಂತಲೂ ಇಲ್ಲ ಅಂತಲೂ ಹೇಳದೆ ಮೂರು ವಾರ ಊರೆಲ್ಲ ಸುತ್ತಿದಳು. ಸ್ಪರ್ಧೆಯ ಹುಡುಗರ ಗಾಡಿ ಬೇಡಿ ಓಡಿಸಿದಳು, ಅರಣ್ಯದವರ ಬೆಂಕಿ ಆರಿಸುವ ಗಾಡಿ ಓಡಿಸಿದಳು, ಮರದ ಡಿಪೋದ ಲಾರಿಯನ್ನೂ ಬಿಡಲಿಲ್ಲ. ಹೋಗುವಾಗಲೆಲ್ಲ ಬಲಗೈಗೆ ಮಾತ್ರ ಒಂದು ದಪ್ಪ ಗ್ಲೌಸು. ಇದ್ಯಾವ ಹೊಸ ಷೋಕಿ ಅಂದರೆ "ಬಿಸಿಲು ಅತ್ತೆ" ಅಂದಳು. ಬಿಸಿಲು ಒಂದೇ ಕೈಗೆ ಬೀಳುತ್ತದೇನೇ ಅಂತ ಕೇಳಿದೆ, ನಕ್ಕು ಹೋದಳು.

ತಿರುಗಿ ಬಂದು ಒಂದು ದಿನ ಬೆಳಿಗ್ಗೆ ಗ್ಯಾರಂಟಿಯನ್ನೂ ನನ್ನನ್ನೂ ಬೆಂಚಿನ ಮೇಲೆ ಕೂರಿಸಿದಳು. ನಿಂತುಕೊಂಡು ಮಾತಾಡಿದಳು, ಥೇಟ್ ನಿನ್ನ ಹಾಗೆ, ಸೊಂಟಕ್ಕೆ ಸ್ಪ್ಯಾನರು ಸಿಕ್ಕಿಸಿಕೊಂಡು. ಗ್ಯಾರಂಟಿಗೆ ಒಂದೇ ಪ್ರಶ್ನೆ: "ಇಳಿಜಾರಲ್ಲಿ ಎಂಜಿನ್ ಆಫ್ ಆದ್ರೆ ನಿಮ್ ಸ್ಟೀರಿಂಗ್ ಏನ್ಮಾಡುತ್ತೆ?" ಅವನು ಕ್ಯಾಟಲಾಗಿನ ಹಾಳೆ ತಿರುವಿದ. ಎಣ್ಣೆ ತಳ್ಳುವ ಪಂಪು ನಿಂತರೆ ಅಂಥ ಸ್ಟೀರಿಂಗು ಹೆಚ್ಚುಕಮ್ಮಿ ಸತ್ತ ಹಾಗೆ, ತಿರುಗಿಸುವಷ್ಟರಲ್ಲಿ ಗಾಡಿ ಕಣಿವೆಯಲ್ಲಿರುತ್ತದೆ. ಸಾಲದ್ದಕ್ಕೆ ರಸ್ತೆಯ ಮೇಲೆ ಓಡಿಸಲು ಅದಕ್ಕೆ ಒಪ್ಪಿಗೆಯೂ ಇಲ್ಲ. "ಅದೂ ಅಲ್ದೆ ಅದ್ರಲ್ಲಿ ಕೈಗೆ ನೆಲ ಗೊತ್ತಾಗಲ್ಲ. ಅಪ್ಪ ಕಣ್ಣಲ್ಲಿ ಓಡಿಸಲ್ಲ, ಅಂಗೈಯಲ್ಲಿ ಓಡಿಸೋದು" ಅಂದಳು. ಅಲ್ಲಿಗೆ ಗ್ಯಾರಂಟಿ ಮುಗಿದ. ಅವಳ ಆಯ್ಕೆ ಇದು: ಎಣ್ಣೆಯ ಬಲವೂ ಇರುವ, ಆದರೆ ರಾಡಿನ ನಂಟು ಕಡಿಯದ ಪವರ್ ಸ್ಟೀರಿಂಗ್ ಬಾಕ್ಸು. ಎಂಜಿನ್ ನಿಂತರೆ ಭಾರವಾಗುತ್ತದೆ, ಸಾಯುವುದಿಲ್ಲ. ಅದರ ಜೊತೆ, ಚಕ್ರ ಹೊರಳುವ ಗೆಣ್ಣಿನ ನೆತ್ತಿಯ ಮೇಲೆ ಕೂರುವ ಹೊಸ ತೋಳುಗಳು, ರಾಡಿನ ಕೆಳತುದಿ ಮೇಲೆ ಬಂದು ಅದು ಮತ್ತೆ ಮಟ್ಟಸವಾಗಿ ಮಲಗಲಿಕ್ಕೆ. ಆಮೇಲೆ ನನ್ನ ಕಡೆ ತಿರುಗಿ, ಡ್ಯಾಂಪರ್ ಅಂದರೆ ನೋವಿನ ಮಾತ್ರೆ, ಮುರಿದ ಮೂಳೆಗೆ ಅದು ಸಾಕಾ ಅತ್ತೆ ಅಂದಳು. ಅಷ್ಟಕ್ಕೇ ಬಿಟ್ಟಿದ್ದರೆ ಸಹಿಸಿಕೊಳ್ಳುತ್ತಿದ್ದೆ. "ಸ್ಟೀರಿಂಗ್ ತೋಳಿಗೆ ವೆಲ್ಡಿಂಗ್ ಬೇಡ. ಅದು ಕಾಸಿ ಬಡಿದು ಮಾಡಿರೋದೇ ಆಗ್ಬೇಕು. ನಿಮ್ದೂ ಬೇಡ, ಯಾರ್ದೂ ಬೇಡ." ಅಂದುಬಿಟ್ಟಳು.

ನಾನು ಬೆಸೆಯಲಾಗದ್ದು ಈ ಭೂಮಿಯ ಮೇಲೆ ಹಾಲೂ ನೀರೂ ಎರಡೇ ಅಂತ ಹೇಳಿಕೊಂಡು ಬದುಕಿದವಳು ಅಣ್ಣ ನಾನು. ನಿನ್ನೆ ಮೊನ್ನೆ ವಾಷರ್ ನುಂಗಿದವಳು, ಗ್ಯಾರಂಟಿಯ ಎದುರಿಗೆ, ನನಗೆ ಬೇಡ ಅಂದಳು. ಎರಡು ದಿನ ನಾನು ಅವಳ ಜೊತೆ ಮಾತಾಡಲಿಲ್ಲ. ಮುಖ ಊದಿಸಿಕೊಂಡು ನನ್ನ ಶೆಡ್ಡಿನಲ್ಲಿ ಕೂತು, ಯಾರೂ ಕೇಳದೇ ಇದ್ದರೂ ಮೂರು ಕಬ್ಬಿಣದ ಸ್ಟೂಲು ಮಾಡಿದೆ. ಅವಳೂ ನಿನ್ನ ಮಗಳೇ, ಸಮಾಧಾನಕ್ಕೆ ಬರಲಿಲ್ಲ. ಮೂರನೇ ದಿನ ಬಂದು ಏನೂ ಆಗಿಲ್ಲವೆಂಬ ಹಾಗೆ ಟಾರ್ಚು ನನ್ನ ಕೈಗಿಟ್ಟು "ಗಾಡಿ ಕೆಳಗೆ ನುಸುಳಿ" ಅಂದಳು. ಬಾಕ್ಸು ಕೂರುವ ಜಾಗದ ಹಿಂದೆ ಚಾಸಿಯಲ್ಲಿ ಕೂದಲಿನಷ್ಟು ತೆಳ್ಳನೆಯ ಒಂದು ಬಿರುಕು. ಎರಡು ವರ್ಷದ ಎಳೆದಾಟಕ್ಕೆ ಕಬ್ಬಿಣವೂ ಸೋತಿತ್ತು. ಹೊಸ ಬಾಕ್ಸಿನ ಬಲಕ್ಕೆ ಅದು ಒಂದು ತಿಂಗಳೂ ತಡೆಯುತ್ತಿರಲಿಲ್ಲ. "ಇದು ನಿಮ್ದು ಅತ್ತೆ. ಇದನ್ನ ನಿಮ್ಮನ್ನ ಬಿಟ್ರೆ ಬೇರೆ ಯಾರ ಕೈಗೂ ಕೊಡಲ್ಲ" ಅಂದಳು. ತಕ್ಷಣ ಮೇಲೆ ಬರಲಿಲ್ಲ, ಬಂದರೆ ನನ್ನ ಒದ್ದೆ ಕಣ್ಣು ಅವಳಿಗೆ ಕಾಣಿಸುತ್ತಿತ್ತು. ಬಿರುಕಿನ ಎರಡು ತುದಿಗೂ ತೂತು ಕೊರೆದು, ಬೆಸೆದು, ತಿಕ್ಕಿ, ಅದರ ಮೇಲೆ ಒಳಗೂ ಹೊರಗೂ ದಪ್ಪ ತಗಡು ಕೂರಿಸಿದೆ. ಒಂದಿಡೀ ದಿನ ಹಿಡಿಯಿತು. ನೀನು ಬಂದಾಗ ಮೊದಲು ಅದನ್ನೇ ನೋಡಬೇಕು, ಇಲ್ಲದಿದ್ದರೆ ಊಟವಿಲ್ಲ.

ಜೋಡಣೆಯೆಲ್ಲ ಅವಳದೇ. ಬಾಕ್ಸು, ಪಂಪು, ಪೈಪು, ತೋಳು, ರಾಡು. ಒಂದೊಂದು ನಟ್ಟಿಗೂ ಬಿಗಿ ಅಳೆದು, ಹಳದಿ ಬಣ್ಣದ ಗೆರೆ ಎಳೆದು, ಪಿನ್ನು ಹಾಕಿ ಮಡಚಿದಳು. ಕೈಚಳಕ ನಿನ್ನದು, ತಾಳ್ಮೆ ಮಾತ್ರ ಅತ್ತಿಗೆಯದು. ಎಲ್ಲ ಮುಗಿದ ಮೇಲೆ ಅದೇ ಕೆಂಪು ದಾರ ಕಟ್ಟಿದಳು, ಅದೇ ಜಾಕು ಇಟ್ಟಳು. ಎತ್ತಿದಳು. ದಾರ ಅಲುಗಿತೋ ಇಲ್ಲವೋ ಅಂತ ಇಬ್ಬರೂ ಬಗ್ಗಿ ನೋಡಬೇಕಾಯಿತು. ಒಂದು ಅಕ್ಕಿಕಾಳಿನಷ್ಟು, ಅಷ್ಟೇ. ನಾನು ಚಪ್ಪಾಳೆ ತಟ್ಟಿದೆ. ಅವಳು ಮಾತ್ರ ಬಿಗಿಮುಖದಲ್ಲೇ ಜಾಕು ಇಳಿಸಿ, "ಗೋಡೆ ಮಧ್ಯೆ ಎಲ್ರೂ ಶೂರರೇ, ಗುಡ್ಡ ನೋಡ್ಬೇಕು" ಅಂದಳು. ಇದು ಯಾರ ಮಾತು ಅಂತ ನಾನು ಹೇಳಬೇಕಾಗಿಲ್ಲ.

ಕ್ವಾರಿಯವರು ಹೋದ ಬುಧವಾರ ಬಂದಿದ್ದರು. ಗಾಡಿ ರೆಡಿಯಾ ಅಂದರು. ಗಾಡಿ ರೆಡಿ, ನಾವು ರೆಡಿ ಇಲ್ಲ ಅಂದೆ. ನಿಮ್ಮಣ್ಣ ಮಾತು ಕೊಟ್ಟಿದ್ದಾರೆ ಅಂದರು. ನಮ್ಮಣ್ಣ ಗೊತ್ತಿಲ್ಲದೆ ಕೊಟ್ಟಿದ್ದಾನೆ, ಗೊತ್ತಾದ ಮೇಲೂ ಕೊಡುತ್ತಾನಾ ಅಂತ ಅವನೇ ಹೇಳಲಿ ಅಂದೆ. ಅವರು ಇನ್ನೂ ಏನೋ ಹೇಳುವುದರಲ್ಲಿದ್ದರು, ನಾನು ವೆಲ್ಡಿಂಗ್ ಹಚ್ಚಿದೆ, ಕಣ್ಣು ಮುಚ್ಚಿಕೊಂಡು ಹೊರಟುಹೋದರು. ಬೈಯಬೇಡ. ಬೈಯುವುದಾದರೆ ಕಾಗದ ಪೂರ್ತಿ ಮುಗಿದ ಮೇಲೆ ಬೈ.

ಇವತ್ತು ಬೆಳಿಗ್ಗೆ ಗುಡ್ಡಕ್ಕೆ ಹೋದೆವು. ನಮ್ಮ ಅಪ್ಪನ ನಿಯಮ ನಿನಗೆ ಗೊತ್ತೇ ಇದೆ: ಸ್ಟೀರಿಂಗ್ ಜೋಡಿಸಿದವರು ಪಕ್ಕದ ಸೀಟಿನಲ್ಲಿ, ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂರಬೇಕು, ಗಾಡಿಯ ಮಾಲೀಕ ಓಡಿಸಬೇಕು. ತನ್ನ ಕೆಲಸದ ಮೇಲೆ ತನ್ನ ಜೀವವನ್ನೇ ಕೂರಿಸದವನು ಸ್ಟೀರಿಂಗ್ ಮುಟ್ಟಬಾರದು ಅನ್ನುತ್ತಿದ್ದರು ಅಪ್ಪ. ಮಾಲೀಕ ನೀನು ಊರಲ್ಲಿಲ್ಲ. ಹಾಗಾಗಿ ಓಡಿಸುವ ಕೆಲಸ ನನಗೆ ಬಂತು. ನಾನು ಆ ಗುಡ್ಡದ ದಾರಿಯಲ್ಲಿ ಜನ್ಮದಲ್ಲಿ ಓಡಿಸಿದವಳಲ್ಲ, ನಿನ್ನ ಹಳೇ ಸ್ಟೀರಿಂಗು ನನ್ನ ಕೈಗೆ ಯಾವತ್ತು ಬಗ್ಗಿತ್ತು? ಬುಡದ ಒಣಹಳ್ಳದ ಹತ್ತಿರ ಸಣ್ಣ ಇಳಿಜಾರಿದೆಯಲ್ಲ, ಅಲ್ಲಿ "ಕ್ಲಚ್ ಒತ್ತಿ ಅತ್ತೆ" ಅಂದಳು. ಒತ್ತಿದೆ. ತೊಡೆಯ ಕೆಳಗಿನಿಂದ ಒಂದು ಕೈ ತೆಗೆದು ಕೀ ತಿರುಗಿಸಿ ಎಂಜಿನ್ನನ್ನೇ ಆರಿಸಿಬಿಟ್ಟಳು! ಗಾಡಿ ಉರುಳುತ್ತಿದೆ, ಎದುರಿಗೆ ಕಲ್ಲು. ತಿರುಗಿಸಿದೆ. ಬೀಸುವ ಕಲ್ಲಿನ ಹಾಗೆ ಭಾರವಾಗಿತ್ತು, ಆದರೆ ತಿರುಗಿತು. ಕಲ್ಲಿನ ಪಕ್ಕದಲ್ಲಿ ಮೊಳದಷ್ಟು ಜಾಗ ಬಿಟ್ಟು ಗಾಡಿ ನಿಂತಿತು. ಬೈದೆ, ಬಾಯಿಗೆ ಬಂದದ್ದೆಲ್ಲ ಬೈದೆ. "ಅಜ್ಜನ ರೂಲ್ ಇರೋದು ಸ್ಟೀರಿಂಗ್ ಮುಟ್ಬಾರ್ದು ಅಂತ, ಕೀ ಮುಟ್ಬಾರ್ದು ಅಂತಲ್ಲ" ಅಂದಳು. ಅಪ್ಪ ಇದ್ದಿದ್ದರೆ ಅವಳ ಬೆನ್ನು ತಟ್ಟುತ್ತಿದ್ದರು, ನನ್ನ ಬೆನ್ನಿಗೆ ಗುದ್ದುತ್ತಿದ್ದರು.

ಆಮೇಲೆ ಏರು. ಬೋಳುಬಂಡೆಯ ಹತ್ತಿರ ಬಂದೆವು. ನಿನ್ನ ಕೈ ಹೋದ ಜಾಗ ಅದು. ವಾಷರ್ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಮುಂದೆ ನೋಡುತ್ತಾ ಕೂತಿದ್ದಳು. ಅವಳ ಮುಖ ನಾನು ನೋಡಲಿಲ್ಲ, ನನ್ನ ಕಣ್ಣು ಡ್ಯಾಶ್‌ಬೋರ್ಡಿನ ಮೇಲಿನ ನಿನ್ನ ಅಕ್ಷರದ ಮೇಲಿತ್ತು. ಮುಂದಿನ ಚಕ್ರ ಬಂಡೆಗೆ ಬಡಿಯಿತು, ಗಾಡಿ ಎಗರಿತು, ಸ್ಟೀರಿಂಗು ಕೈಯಲ್ಲಿ ಒಂದು ಸಲ ಮಿಡಿಯಿತು, ಅಷ್ಟೇ. ಕಲ್ಲು ಇದೆ, ಇಂಥ ಕಡೆ ಇದೆ ಅಂತ ಹೇಳಿತು, ಕೈ ಕೀಳಲಿಲ್ಲ. ತುದಿಯಲ್ಲಿ ಹವಾಮಾನ ಕೇಂದ್ರದ ಮೋಡದ ಮೇಷ್ಟ್ರು ನಮ್ಮನ್ನು ನೋಡಿ ಹೊರಗೆ ಓಡಿಬಂದರು. ಸಾಮಾನು ತರುತ್ತಿದ್ದ ನಿನ್ನ ಜೀಪು ನಿಂತ ಮೇಲೆ, ಮೂರು ತಿಂಗಳಿಂದ ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಹತ್ತುತ್ತಿದ್ದಾರಂತೆ, ಪಾಪ, ಸೊರಗಿ ಅರ್ಧವಾಗಿದ್ದಾರೆ. ಗಾಳಿ, ಮೋಡ ಬರೆಯುವ ದಿನಚರಿಯಲ್ಲಿ ಅವರು ಇವತ್ತು "ಆಕಾಶ ಶುಭ್ರ. ಜೀಪು ಬಂತು" ಅಂತ ಬರೆದು ನನಗೆ ತೋರಿಸಿದರು. ಅವರಿಗೆ ನಾಲ್ಕು ದಿನ ರಜೆ, ನಿಮ್ಮ ಕಡೆಗೇ ಬರುತ್ತಿದ್ದಾರೆ. ನಮ್ಮ ಜೊತೆಗೇ ಇಳಿದು ಬಂದರು, ಐದು ಗಂಟೆಯ ಬಸ್ಸಿಗೆ ಹೊರಡುತ್ತಾರೆ, ಈ ಕಾಗದ ಅವರ ಕೈಯಲ್ಲೇ ಬರುತ್ತದೆ.

ಅಣ್ಣಾ, ನಾನು ಹೊಗಳುವುದರಲ್ಲಿ ಜಿಪುಣಿ, ನೀನು ನನಗಿಂತ ಜಿಪುಣ. ಆದರೂ ಹೇಳುತ್ತೇನೆ. ನಿನ್ನ ಮಗಳನ್ನು ನೋಡು. ದೊಡ್ಡ ಸಿಲಿಂಡರು ತೋರಿಸಿದರೆ ಮರುಳಾಗಲಿಲ್ಲ, ಅತ್ತೆ ಮುನಿಸಿಕೊಂಡರೆ ಬಗ್ಗಲಿಲ್ಲ, ಮೊದಲು ರೋಗ ಹುಡುಕಿ ಆಮೇಲೆ ಔಷಧಿ ಆರಿಸಿದಳು. ಸ್ಟೀರಿಂಗಿಗೆ ನಿನ್ನ ಕೈ ಒಂದೇ ಅಂತಿದ್ದೆಯಲ್ಲ, ಈಗ ಎರಡಿವೆ. ನಮ್ಮ ಅಪ್ಪ ಕಟ್ಟಿದ ವರ್ಕ್‌ಶಾಪಿನಲ್ಲಿ ನಮಗಿಂತ ಒಳ್ಳೆಯ ಮೆಕ್ಯಾನಿಕ್ಕು ಹುಟ್ಟಿದ್ದಾಳೆ. ಇದನ್ನು ಅವಳ ಮುಂದೆ ಹೇಳಿಲ್ಲ, ನೀನೇ ಬಂದು ಹೇಳು.

ಅತ್ತಿಗೆಗೂ ಅವರ ಅಕ್ಕನಿಗೂ ನನ್ನ ನಮಸ್ಕಾರ. ಚೆಂಡು ನೂರು ಸಲ. ನಾಯಿಗೆ ಬೇರೆ ಚೆಂಡು ಕೊಡಿಸು.

ನಿನ್ನ ಕೈಯಲ್ಲಿ ಬೈಸಿಕೊಂಡು ಮೂರು ತಿಂಗಳಾಯಿತು, ಅದಿಲ್ಲದೆ ಬೇಜಾರಾಗಿರುವ,
ತಂಗಿ

ತಾ.ಕ.: ಮೇಷ್ಟ್ರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಾರೆ, ಬೇಗ ಬರೆಯುತ್ತೇನೆ. ಅಕ್ಷರ ಕೆಟ್ಟ ಕಾರಣ ಇದು. ಇವತ್ತು ಹೊರಡುವ ಮುಂಚೆ ವಾಷರ್ ನನ್ನ ಬಲಗೈ ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿ, ಮಡಚಲು ಬಾರದ ಹಾಗೆ ಬಟ್ಟೆಯಿಂದ ಬಿಗಿದು ಕಟ್ಟಿದಳು. "ಅಪ್ಪನ ಕೈ ಈಗ ಇಷ್ಟೇ ಅತ್ತೆ. ಇಷ್ಟರಲ್ಲಿ ನೀವು ಏರಿದ್ರೆ ಅಪ್ಪ ಏರ್ತಾರೆ" ಅಂದಳು. ಹೋಗಿ ಬರುವ ತನಕ ಬಿಚ್ಚಲಿಲ್ಲ, ಬೆರಳು ಇನ್ನೂ ಜೋಮು ಹಿಡಿದಿದೆ. ಆ ಮೂರು ವಾರ ಗ್ಲೌಸಿನೊಳಗೆ ಅವಳದೂ ಹಾಗೇ ಕಟ್ಟಿತ್ತಂತೆ. ಒಂದೊಂದು ಸ್ಟೀರಿಂಗನ್ನೂ ನಿನ್ನ ಕೈಯಿಂದಲೇ ಓಡಿಸಿ ನೋಡಿದ್ದಾಳೆ. ಕೆಲಸ ಮುಗಿಯಿತು ಅಂತ ವರ್ಕ್‌ಶಾಪಿನ ಪುಸ್ತಕದಲ್ಲಿ ಅವಳು ಇನ್ನೂ ಸಹಿ ಹಾಕಿಲ್ಲ. ಮಾಲೀಕ ಓಡಿಸಿಲ್ಲ, ಇವತ್ತಿನದು ಲೆಕ್ಕಕ್ಕಿಲ್ಲ ಅನ್ನುತ್ತಾಳೆ. ಪಕ್ಕದ ಸೀಟು ಅವಳದು, ನಿನ್ನದು ಖಾಲಿ ಇದೆ. ಹೆಬ್ಬೆರಳು ಇನ್ನು ಮಡಚುವುದಿಲ್ಲ ಅಂತ ಡಾಕ್ಟರು ಹೇಳಿದರಂತೆ, ನೀನು ಆವತ್ತಿಂದ ಯಾರ ಹತ್ತಿರವೂ ಮಾತಾಡುತ್ತಿಲ್ಲವಂತೆ. ಅದು ಮಡಚಬೇಕಾಗಿಯೇ ಇಲ್ಲ, ಅಣ್ಣಾ.